ಓಡುವವನ ಬೆನ್ನಿಗೆ ಗುಂಡು ಹೊಡೆಯಬಹುದಾ?

ಪ್ರಶ್ನೆ: ಆರೋಪಿ ತಪ್ಪಿಸಿಕೊಂಡು ಓಡಿದರೆ ಪೊಲೀಸರು ಗುಂಡು ಹೊಡೆದು ಸಾಯಿಸಬಹುದಾ? ಸರ್ಕಾರಕ್ಕೆ ಆ ಹಕ್ಕು ಇದೆಯಾ?
– ಓದುಗರು, ಗೌರಿಬಿದನೂರು

ಸಾಯಿಸುವ ಹಕ್ಕು ಅಂತ ಒಂದು ಇಲ್ಲ. ಬೇರೆ ದಾರಿಯೇ ಇರಲಿಲ್ಲ ಎಂದು ಆಮೇಲೆ ತೋರಿಸಿಕೊಟ್ಟರೆ ಶಿಕ್ಷೆಯಿಂದ ಪಾರಾಗಬಹುದು, ಅಷ್ಟೇ.

ಕಾನೂನು ಹೇಳಿದ ಕ್ರಮ ಬಿಟ್ಟು ಯಾರ ಜೀವವನ್ನೂ ತೆಗೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. ಕಳ್ಳನಿಗೂ ಅದು ಅನ್ವಯಿಸುತ್ತದೆ. ಇನ್ನು ಬಂಧನ, ತನಿಖೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ನೋಡಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಆರೋಪ ಇಲ್ಲದವನನ್ನು ಬಂಧಿಸಲು ಹೋಗಿ ಸಾಯಿಸುವ ಅಧಿಕಾರ ಅದರಲ್ಲಿಲ್ಲ. ಬೈಕ್ ಕದ್ದವನು ಓಡಿದರೆ ಬೆನ್ನಟ್ಟಿ ಹಿಡಿಯಬೇಕು. ಕೊಲೆ ಆರೋಪಿಯಾದರೂ ಹಿಡಿಯಲು ಎಷ್ಟು ಬೇಕೋ ಅಷ್ಟೇ ಬಲ.

"ಮಚ್ಚು ಬೀಸಿದ, ಆತ್ಮರಕ್ಷಣೆಗೆ ಹೊಡೆದೆವು" ಎಂಬ ಮಾತು ಪೇಪರಿನಲ್ಲಿ ಆಗಾಗ ಬರುತ್ತದಲ್ವಾ? ಆತ್ಮರಕ್ಷಣೆಯ ಹಕ್ಕು ನಿಜ. ಆದರೆ ಅದು ನಿಮಗೂ ನನಗೂ ಇರುವ ಹಕ್ಕೇ. ಅಪಾಯ ತಪ್ಪಿಸಲು ಬೇಕಾದದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಅವನು ಮಚ್ಚು ಕೆಳಗೆ ಹಾಕಿದ ಮೇಲೆ ಹೊಡೆದ ಗುಂಡಿಗೆ ಈ ಆಸರೆ ಸಿಗುವುದಿಲ್ಲ.

ಗುಂಪು ಸೇರಿದಾಗಲೂ ಅಷ್ಟೇ. ಮೊದಲು ಚದುರಲು ಆದೇಶ ಕೊಡಬೇಕು. ಸೇನೆಯನ್ನೇ ಕರೆಸಿದರೂ ಆದಷ್ಟು ಕಡಿಮೆ ಬಲ ಬಳಸಬೇಕು ಎಂದು ಕಾನೂನಿನಲ್ಲೇ ಬರೆದಿದೆ. ನಿಮ್ಮ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರೇ ಗುಂಡು ಹಾರಿಸಿದರು. ಹೊರಗಿನವರಲ್ಲ, ನಮ್ಮದೇ ಸರ್ಕಾರ. ಸತ್ತವರು 32 ಎಂದು ಜನ ಇಂದಿಗೂ ನೆನೆಯುತ್ತಾರೆ. ಸರ್ಕಾರ ಕೊಟ್ಟ ಲೆಕ್ಕ ಅದಕ್ಕಿಂತ ತೀರಾ ಕಡಿಮೆ. ಗುಂಡು ಹೊಡೆದವರೇ ಲೆಕ್ಕ ಬರೆದರೆ ಏನಾಗುತ್ತದೆ ಎಂದು ನಾನು ಯೋಚಿಸುವಾಗೆಲ್ಲ ಆ ಊರು ನೆನಪಾಗುತ್ತದೆ.

ಅದಕ್ಕೇ 2014ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 16 ಸೂಚನೆಗಳು ನನಗೆ ತುಂಬಾ ಮುಖ್ಯ ಅನ್ನಿಸುತ್ತವೆ. ಮುಂಬೈ ಎನ್‌ಕೌಂಟರ್‌ಗಳ ಬಗ್ಗೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ್ದ ಮೊಕದ್ದಮೆ ಅದು. ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ದಾಖಲಾಗಲೇಬೇಕು. ತನಿಖೆ ಮಾಡುವವರು ಸಿಐಡಿ ಅಥವಾ ಬೇರೆ ಠಾಣೆಯವರು, ಗುಂಡು ಹೊಡೆದ ತಂಡದವರಲ್ಲ. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಸತ್ತವನ ಮನೆಯವರಿಗೆ ಬೇಗ ತಿಳಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡುವಂತಿಲ್ಲ.

ಇದ್ಯಾವುದೂ ನಡೆಯದಿದ್ದರೆ ಮನೆಯವರು ಸುಮ್ನೆ ಕೂರಬೇಕಿಲ್ಲ. ಘಟನೆ ನಡೆದ ಜಾಗ ಯಾವ ಸೆಷನ್ಸ್ ನ್ಯಾಯಾಧೀಶರ ವ್ಯಾಪ್ತಿಗೆ ಬರುತ್ತದೋ ಅವರಿಗೆ ನೇರವಾಗಿ ದೂರು ಕೊಡಬಹುದು.