ಹೋಲ್ಮ್‌ಬೊ ಅವರ ಕೊನೆಗಾಲದ ಕ್ವಾರ್ಟೆಟ್‌ಗಳನ್ನು ಹೇಗೆ ಕೇಳಬೇಕು?

ಪ್ರಶ್ನೆ: ಡೆನ್ಮಾರ್ಕಿನ ಸಂಗೀತ ರಚನಕಾರ ವಾಗ್ನ್ ಹೋಲ್ಮ್‌ಬೊ ಅವರ ಕೊನೆಯ ಸ್ಟ್ರಿಂಗ್ ಕ್ವಾರ್ಟೆಟ್‌ಗಳಲ್ಲಿ (ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊಗಾಗಿ ಬರೆದ ಕೃತಿಗಳಲ್ಲಿ) ಗುನುಗಿಕೊಳ್ಳುವಂಥ ಮಟ್ಟು ಒಂದೂ ಸಿಗುವುದಿಲ್ಲ. ಎಲ್ಲಿಂದ ಶುರು ಮಾಡಲಿ, ಏನನ್ನು ಹಿಡಿದು ಕೇಳಲಿ?

ಉತ್ತರ: 17ರಿಂದ 20ರವರೆಗಿನ ನಾಲ್ಕನ್ನು ಕ್ರಮವಾಗಿ ಕೇಳಿ. 1980ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ ಬರೆದ ಇವುಗಳಿಗೆ ಅವರು ಇಟಾಲಿಯನ್ ಹೆಸರುಗಳನ್ನಿಟ್ಟರು: ಮತ್ತಿನಾತ, ಜೋರ್ನಾತ, ಸೆರಾತ, ನೊತ್ತುರ್ನೊ. ಬೆಳಗಿನಿಂದ ರಾತ್ರಿಯವರೆಗಿನ ಒಂದು ದಿನ. ಆದರೆ ಹೆಸರು ನೋಡಿ ಸೂರ್ಯೋದಯದ ವರ್ಣನೆಯನ್ನು ನಿರೀಕ್ಷಿಸಬೇಡಿ.

ಮಟ್ಟು ಸಿಗದಿರುವುದಕ್ಕೆ ಕಾರಣವಿದೆ. 1950ರ ಆಸುಪಾಸಿನಲ್ಲಿ ಹೋಲ್ಮ್‌ಬೊ ‘ರೂಪಾಂತರ’ದ ಕ್ರಮವನ್ನು ತಮ್ಮದಾಗಿಸಿಕೊಂಡರು. ಎರಡು ಮಟ್ಟುಗಳನ್ನು ಎದುರುಬದುರು ನಿಲ್ಲಿಸುವ ಬದಲು, ಕೆಲವೇ ಸ್ವರಗಳ ಒಂದು ತುಣುಕಿನಿಂದ ಇಡೀ ಕೃತಿಯನ್ನು ಬೆಳೆಸುವುದು ಆ ಕ್ರಮ. ಮೇಲೇರಿದ ತುಣುಕು ಕೆಳಗಿಳಿಯುತ್ತದೆ. ಚುರುಕಾಗಿದ್ದದ್ದು ನಿಧಾನವಾಗುತ್ತದೆ. ವಯೋಲದಲ್ಲಿ ಹುಟ್ಟಿದ್ದು ಚೆಲ್ಲೊದ ತಳಕ್ಕೆ ಇಳಿದು, ಪಿಟೀಲಿನಲ್ಲಿ ಬೇರೆಯದೇ ಮುಖ ಹೊತ್ತು ಬರುತ್ತದೆ. ಬೀಜ ಒಡೆದು ಗಿಡವಾದ ಮೇಲೆ ಬೀಜವನ್ನು ಹುಡುಕಿದರೆ ಕಾಣುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಆದ್ದರಿಂದ ಆರಂಭದ ಅರ್ಧ ನಿಮಿಷವನ್ನು ಎರಡು ಮೂರು ಸಲ ಕೇಳಿ, ಸ್ವರಗಳ ನಡುವಿನ ಅಂತರವನ್ನು ಕಿವಿಗೆ ಹತ್ತಿಸಿಕೊಳ್ಳಿ. ಮಟ್ಟಿಗಿಂತ ಆ ಅಂತರವೇ ನಿಮಗೆ ದಾರಿ ತೋರಿಸುತ್ತದೆ.

ಇದು ಏಕಾಏಕಿ ಬಂದ ಹದವಲ್ಲ. 1909ರಲ್ಲಿ ಹೋರ್ಸೆನ್ಸ್‌ನಲ್ಲಿ ಹುಟ್ಟಿದ ಹೋಲ್ಮ್‌ಬೊ ‘ಮೊದಲನೆಯದು’ ಎಂದು ಸಂಖ್ಯೆ ಕೊಟ್ಟ ಕ್ವಾರ್ಟೆಟ್ ಬಂದದ್ದು 1949ರಲ್ಲಿ. ಅದಕ್ಕೂ ಮೊದಲು ಬರೆದ ಸುಮಾರು ಹತ್ತನ್ನು ಅವರು ಲೆಕ್ಕಕ್ಕೇ ಸೇರಿಸಲಿಲ್ಲ. ಆರಂಭದವುಗಳಲ್ಲಿ ಹಂಗೇರಿಯ ರಚನಕಾರ ಬಾರ್ಟೋಕ್ ಅವರ ನೆರಳು ದಟ್ಟವಾಗಿದೆ. 1930ರ ದಶಕದಲ್ಲಿ ರೊಮೇನಿಯದಲ್ಲಿ ಜಾನಪದ ಸಂಗೀತವನ್ನು ಅರಸಿ ತಿರುಗಿದ ಅನುಭವವೂ ಅವರಿಗಿತ್ತು. ಕೊನೆಗಾಲದಲ್ಲಿ ಆ ಬಿರುಸು ಕರಗಿ, ಬರವಣಿಗೆ ತಿಳಿಯಾಗುತ್ತದೆ. ನಾಲ್ಕು ವಾದ್ಯಗಳಲ್ಲಿ ಒಂದು ಎಳೆಯೂ ಹೆಚ್ಚಾಯಿತು ಅನಿಸುವುದಿಲ್ಲ. ರಷ್ಯಾದ ರಚನಕಾರ ಶೋಸ್ತಕೋವಿಚ್‌ ಅವರ ಹದಿನೈದು ಕ್ವಾರ್ಟೆಟ್‌ಗಳ ಪಕ್ಕದಲ್ಲಿ ಇವುಗಳಿಗೂ ಜಾಗ ಸಿಗಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಧ್ವನಿಮುದ್ರಣಕ್ಕೆ ಡಕಾಪೊ ಸಂಸ್ಥೆ ಹೊರತಂದ ಕೊಂಟ್ರಾ ಕ್ವಾರ್ಟೆಟ್‌ನ ಸಂಪೂರ್ಣ ಸರಣಿಯನ್ನು ಹುಡುಕಿ.

21ನೆಯದನ್ನು, ‘ಕ್ವಾರ್ಟೆತ್ತೊ ಸೆರೇನೊ’ವನ್ನು, ಕೊನೆಗೆ ಇಟ್ಟುಕೊಳ್ಳಿ. 1996ರಲ್ಲಿ ತೀರಿಕೊಂಡಾಗ ಹೋಲ್ಮ್‌ಬೊ ಅದನ್ನು ಮುಗಿಸಿರಲಿಲ್ಲ. ಮುಗಿಸಿಕೊಟ್ಟವರು, ಹದಿಹರೆಯದಲ್ಲೇ ಅವರ ಬಳಿ ಕಲಿಯಲು ಬಂದಿದ್ದ ಡೆನ್ಮಾರ್ಕಿನದೇ ರಚನಕಾರ ಪೆರ್ ನೋರ್‌ಗೋರ್.