ಸಿಂಪ್ಸನ್ಸ್ ಭವಿಷ್ಯ ಹೇಳುವುದಿಲ್ಲ, ಮಾರಾಯ್ರೆ

ಪ್ರಶ್ನೆ: ಅಮೆರಿಕದ ಕಾರ್ಟೂನ್ ಧಾರಾವಾಹಿ 'ದಿ ಸಿಂಪ್ಸನ್ಸ್' ನೋಡುವಾಗ ಸಿನಿಮಾ, ಸುದ್ದಿಗಳ ರೆಫರೆನ್ಸ್ ಹಿಡಿಯುವುದು ಹೇಗೆ? ಅದು ಭವಿಷ್ಯವನ್ನೂ ಹೇಳುತ್ತದಂತೆ, ನಿಜವೇ?

ಮೊದಲರ್ಧಕ್ಕೆ ಉತ್ತರ ಸುಲಭ. ಕಥೆಗೆ ಬೇಕಿಲ್ಲದ ವಿವರ ಕಂಡಲ್ಲಿ ಅನುಮಾನಪಡಿ. 1990ರ ಒಂದು ಕಂತಿನಲ್ಲಿ ಸಿಂಪ್ಸನ್ ಮನೆಯ ಪುಟಾಣಿ ಮ್ಯಾಗಿ ಅಪ್ಪನ ತಲೆಗೆ ಸುತ್ತಿಗೆಯಿಂದ ಬಾರಿಸುತ್ತಾಳೆ. ಅಲ್ಲಿಗೆ ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಪಿಟೀಲುಗಳು ಕಿರುಚುತ್ತವೆ, ಡಬ್ಬಿ ಉರುಳಿ ಕೆಂಪು ಬಣ್ಣ ನೀರು ಹೋಗುವ ತೂತಿನತ್ತ ಹರಿಯುತ್ತದೆ. ಹಿಚ್‌ಕಾಕ್‌ನ 'ಸೈಕೋ' (1960) ಚಿತ್ರದ ಬಚ್ಚಲುಮನೆಯ ಕೊಲೆ ದೃಶ್ಯ ನೋಡಿದವರು ಆ ಬಣ್ಣ ಯಾಕೆ ಅಂತ ಕೇಳುವುದಿಲ್ಲ. ನೋಡದವರಿಗೂ ನಗು ಬರುತ್ತದೆ.

ಇನ್ನು ಭವಿಷ್ಯದ ಮಾತು. ಎಷ್ಟು ಸಲ ಹೇಳಿದರೂ ವಾಟ್ಸಾಪ್‌ನಲ್ಲಿ ಮತ್ತೆ ಬರುತ್ತದೆ: "ಟ್ರಂಪ್ ಅಧ್ಯಕ್ಷ ಆಗ್ತಾರೆ ಅಂತ 2000ದಲ್ಲೇ ತೋರಿಸಿದ್ರು ಸಾರ್!" ತೋರಿಸಿದ್ದು ಹೌದು. ಆ ವರ್ಷ ಮಾರ್ಚ್ 19ರ ಕಂತಿನಲ್ಲಿ, ಮುಂದೊಂದು ದಿನ ಅಧ್ಯಕ್ಷೆಯಾದ ಮ್ಯಾಗಿಯ ಅಕ್ಕ ಲೀಸಾ, ಟ್ರಂಪ್ ಬೊಕ್ಕಸ ಬರಿದು ಮಾಡಿ ಹೋದರೆಂದು ಗೊಣಗುತ್ತಾಳೆ. ಆದರೆ ಟ್ರಂಪ್ ಚುನಾವಣೆಗೆ ನಿಲ್ಲಬಹುದು ಎಂಬ ಮಾತು ಅಮೆರಿಕದಲ್ಲಿ 1987ರಿಂದಲೇ ಇತ್ತು. 1999ರ ಅಕ್ಟೋಬರ್‌ನಲ್ಲಿ ಅವರು ರಿಫಾರ್ಮ್ ಪಕ್ಷದಿಂದ ಸ್ಪರ್ಧಿಸುವ ತಯಾರಿಗೂ ಇಳಿದು, ಕಂತು ಪ್ರಸಾರವಾಗುವ ತಿಂಗಳ ಮುಂಚೆ ಹಿಂದೆ ಸರಿದಿದ್ದರು. ಅಂದಿನ ಪ್ರೇಕ್ಷಕರಿಗೆ ಅದು ಪೇಪರಿನಲ್ಲಿ ಓದಿದ ಸುದ್ದಿಯ ಮೇಲಿನ ಕುಹಕ. ಆ ಸುದ್ದಿ ನಮಗೆ ಮರೆತಿದೆ, ಜೋಕ್ ಉಳಿದಿದೆ; ಅದಕ್ಕೇ ಅದು ಭವಿಷ್ಯವಾಣಿಯಂತೆ ಕಾಣುತ್ತದೆ.

ಎಸ್ಕಲೇಟರ್‌ನಲ್ಲಿ ಟ್ರಂಪ್ ಕೈಬೀಸುವ ಚಿತ್ರ? ಅದನ್ನು 2000ದ್ದೆಂದು ಹಂಚುತ್ತಾರೆ. ಚುನಾವಣೆಗೆ ನಿಲ್ಲುತ್ತೇನೆಂದು ಸಾರಲು ಟ್ರಂಪ್ ನಿಜವಾಗಿ ಎಸ್ಕಲೇಟರ್ ಇಳಿದದ್ದು 2015ರ ಜೂನ್‌ನಲ್ಲಿ, ಕಾರ್ಟೂನ್ ಬಂದದ್ದು ಅದರ ಮುಂದಿನ ತಿಂಗಳು. ನಕಲು ಮಾಡಿದವರಿಗೆ ತ್ರಿಕಾಲಜ್ಞಾನಿ ಪಟ್ಟ!

ಹುಲಿಯ ಕಥೆಯೂ ಇದೇ. 1993ರ ಕಂತಿನಲ್ಲಿ ಬಿಳಿ ಹುಲಿ ತನ್ನ ಜಾದೂಗಾರರ ಮೇಲೆರಗುತ್ತದೆ. 2003ರಲ್ಲಿ ಲಾಸ್ ವೇಗಸ್‌ನಲ್ಲಿ ಜಾದೂಗಾರ ರಾಯ್ ಹಾರ್ನ್ ಮೇಲೆ ಅವರದೇ ಹುಲಿ ನಿಜವಾಗಿಯೇ ಎರಗಿತು. ಕಂತಿನ ಆ ಪಾತ್ರಗಳು, ಬಿಳಿ ಹುಲಿಗಳ ಜತೆ ಪ್ರದರ್ಶನ ಕೊಡುತ್ತಿದ್ದ ಸೀಗ್‌ಫ್ರೀಡ್–ರಾಯ್ ಜೋಡಿಯದೇ ಅಣಕ. ಹುಲಿಯ ಜತೆ ದಿನಾ ಆಟ ಆಡುವವರಿಗೆ ಏನಾದೀತು ಎಂದು ಊಹಿಸಲು ಯಾವ ಪಂಚಾಂಗ ಬೇಕು? 1989ರಿಂದ 750ಕ್ಕೂ ಹೆಚ್ಚು ಕಂತು ಬಂದಿವೆ. ಪ್ರತಿ ಮನೆ ಮುಂದೆಯೂ ಶುಭ ನುಡಿಯುವ ಬುಡುಬುಡಿಕೆಯವನ ಮಾತು ಒಂದೆರಡು ಮನೆಯಲ್ಲಾದರೂ ಫಲಿಸಲೇಬೇಕಲ್ಲ. ಫಲಿಸದ ನೂರಾರು ಜೋಕುಗಳನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇಷ್ಟೆಲ್ಲ ಕೇಳುವ ನಮ್ಮವರು ಅಪುವಿನ ಬಗ್ಗೆ ಮಾತ್ರ ಕೇಳುವುದಿಲ್ಲ, ನನಗದೇ ಸೋಜಿಗ. ಕ್ವಿಕ್-ಇ-ಮಾರ್ಟ್ ಅಂಗಡಿಯ ಆ ಭಾರತೀಯನ ಹೆಸರು ಬಂದದ್ದು ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದಿಂದ (1955–59). ಅವನು ಓದಿದ ಕಾಲೇಜು 'ಕ್ಯಾಲ್‌ಟೆಕ್', ಅಂದರೆ ಕ್ಯಾಲಿಫೋರ್ನಿಯಾದ ಹೆಸರಾಂತ ಕ್ಯಾಲ್‌ಟೆಕ್ ಅಲ್ಲ, ಕಲ್ಕತ್ತಾ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಅಲ್ಲಿ ಎಪ್ಪತ್ತು ಲಕ್ಷ ಮಂದಿಯ ತರಗತಿಗೇ ಅವನು ಮೊದಲಿಗ. ಎಂಜಿನಿಯರಿಂಗ್ ಸೀಟಿಗೆ ಪರೀಕ್ಷೆ ಬರೆದವರಿಗೆ ಈ ಜೋಕ್ ಬಿಡಿಸಿ ಹೇಳಬೇಕಿಲ್ಲ. ಇನ್ನು ದನಿ: ಕಂಠ ಕೊಟ್ಟ ಅಮೆರಿಕದ ನಟ ಹ್ಯಾಂಕ್ ಅಜಾರಿಯಾ ಅದಕ್ಕೆ ಮಾದರಿ ಹಿಡಿದದ್ದು, 1968ರ 'ದಿ ಪಾರ್ಟಿ' ಚಿತ್ರದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಭಾರತೀಯನಾದ ಪೀಟರ್ ಸೆಲರ್ಸ್‌ನನ್ನು. ಹೆಸರು ಸತ್ಯಜಿತ್ ರಾಯ್ ಚಿತ್ರದ್ದು, ಉಚ್ಚಾರ ಇಂಗ್ಲಿಷ್ ನಟನೊಬ್ಬನ ಅಣಕದ ಅಣಕ. ಆ ಪಾತ್ರದ ಮೇಲೆ ಆಕ್ಷೇಪಗಳು ಬಂದು, 2020ರಲ್ಲಿ ಅಜಾರಿಯಾ ಅದಕ್ಕೆ ದನಿ ಕೊಡುವುದನ್ನೇ ನಿಲ್ಲಿಸಿದರು.