ಏರಿದರೆ 0.67, ಇಳಿದರೆ 1.5: ಯಾವ ಉತ್ತರ ಬರೆಯಬೇಕು?

ಪ್ರಶ್ನೆ: ಬೇಡಿಕೆಯ ಸ್ಥಿತಿಸ್ಥಾಪಕತ್ವದ ಲೆಕ್ಕದಲ್ಲಿ ಬೆಲೆ ಏರಿತು ಅಂತ ಹಿಡಿದರೆ ಒಂದು ಉತ್ತರ ಬರುತ್ತೆ, ಅದೇ ಎರಡು ಬೆಲೆಗಳ ನಡುವೆ ಇಳಿಯಿತು ಅಂತ ಹಿಡಿದರೆ ಇನ್ನೊಂದು. ಯಾವುದು ಸರಿ?
(ಬಿಎ ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: ನೀವು ಕೂಡಿಸಿ ಕಳೆದದ್ದರಲ್ಲಿ ತಪ್ಪಿಲ್ಲ. ಎಡವಟ್ಟು ಇರುವುದು ಶೇಕಡಾ ಲೆಕ್ಕದ ಛೇದದಲ್ಲಿ. ಸ್ಥಿತಿಸ್ಥಾಪಕತ್ವ ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬಗ್ಗುತ್ತದೆ ಎಂಬ ಅಳತೆ: ಪ್ರಮಾಣದ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದ್ದು.

ಬಳ್ಳಾರಿಯಲ್ಲೇ ಇದ್ದೀರಿ, ಒಗ್ಗರಣೆ-ಮಿರ್ಚಿ ಬಂಡಿಯನ್ನೇ ಹಿಡಿಯೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪ್ಲೇಟಿಗೆ 20 ರೂಪಾಯಿ ಇದ್ದಾಗ ಬೆಳಿಗ್ಗೆ 120 ಪ್ಲೇಟ್ ಖರ್ಚಾಗುತ್ತವೆ, 30 ರೂಪಾಯಿ ಮಾಡಿದರೆ 80.

ಏರಿಕೆ ಅಂತ ಹಿಡಿದರೆ ಬೆಲೆ ಶೇ. 50 ಹೆಚ್ಚು, ಮಾರಾಟ ಶೇ. 33.3 ಕಡಿಮೆ. ಉತ್ತರ 0.67, ಅಂದರೆ ಗಿರಾಕಿ ಬೆಲೆಗೆ ಅಷ್ಟಾಗಿ ಬಗ್ಗುವವನಲ್ಲ. 30ರಿಂದ 20ಕ್ಕೆ ಇಳಿದರೆ ಬೆಲೆ ಶೇ. 33.3 ಕಡಿಮೆ, ಮಾರಾಟ ಶೇ. 50 ಹೆಚ್ಚು. ಉತ್ತರ 1.5. ಈಗ ಅದೇ ಗಿರಾಕಿ ಭಾರಿ ಚೌಕಾಸಿಯವನು! ಹತ್ತು ರೂಪಾಯಿ ಅದೇ, ನಲವತ್ತು ಪ್ಲೇಟ್ ಅದೇ. ಒಮ್ಮೆ 20ರಿಂದ ಭಾಗಿಸಿದ್ದೀರಿ, ಇನ್ನೊಮ್ಮೆ 30ರಿಂದ.

ಯಾರನ್ನು ನಂಬುವುದು? ಗಲ್ಲಾ ಪೆಟ್ಟಿಗೆಯನ್ನು. 20×120 ಅಂದರೆ 2,400. 30×80 ಅಂದರೂ 2,400. ಬೆಲೆ ಬದಲಾದರೂ ಒಟ್ಟು ವಸೂಲಿ ಅಲುಗಲಿಲ್ಲ ಅಂದಮೇಲೆ ಸ್ಥಿತಿಸ್ಥಾಪಕತ್ವ 1 ಬರಬೇಕು. ಅದನ್ನು ಕೊಡುವುದು ಸರಾಸರಿ ಹಿಡಿಯುವ ಮಿಡ್‌ಪಾಯಿಂಟ್ ವಿಧಾನ: ಪ್ಲೇಟಿನ ಸರಾಸರಿ 100, ಬದಲಾವಣೆ 40, ಅಂದರೆ ಶೇ. 40, ಬೆಲೆಯ ಸರಾಸರಿ 25, ಬದಲಾವಣೆ 10, ಅದೂ ಶೇ. 40. ಭಾಗಿಸಿದರೆ 1. ಯಾವ ಕಡೆಯಿಂದ ಹೊರಟರೂ ಇಷ್ಟೇ.

ಹಾಗಾದರೆ 0.67, 1.5 ಎಲ್ಲಿಂದ ಬಂದವು? ಬೆಲೆ, ಪ್ರಮಾಣಗಳ ನಕ್ಷೆಯಲ್ಲಿ ಈ ಎರಡು ಬಿಂದುಗಳನ್ನು (20ಕ್ಕೆ 120, 30ಕ್ಕೆ 80) ಸ್ಕೇಲಿಟ್ಟು ಸೇರಿಸಿ. ರೇಖೆ ಪ್ರಮಾಣ = 200 − 4×ಬೆಲೆ. ಒಂದು ಬಿಂದುವಿನಲ್ಲಿ ಸ್ಥಿತಿಸ್ಥಾಪಕತ್ವ ಬೇಕಾದರೆ 4ನ್ನು ಬೆಲೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 20ರಲ್ಲಿ 0.67, 30ರಲ್ಲಿ 1.5, ನಡುವಿನ 25ರಲ್ಲಿ 1. ನಿಮ್ಮ ಎರಡು ಉತ್ತರಗಳು ರೇಖೆಯ ಎರಡು ತುದಿಗಳವು. ರೇಖೆ ನೇರವಾಗಿದೆ, ಇಳಿಜಾರು ಎಲ್ಲ ಕಡೆ ಒಂದೇ ಇದೆ ಅಂದಮಾತ್ರಕ್ಕೆ ಸ್ಥಿತಿಸ್ಥಾಪಕತ್ವವೂ ಒಂದೇ ಅಂತ ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಪರೀಕ್ಷೆಯಲ್ಲಿ ಎರಡು ಬೆಲೆ, ಎರಡು ಪ್ರಮಾಣ ಕೊಟ್ಟು ವಿಧಾನ ಹೇಳದಿದ್ದರೆ ಮಿಡ್‌ಪಾಯಿಂಟ್ ಹಾಕಿ, ಹಾಕಿದ್ದೇನೆಂದು ಬರೆಯಿರಿ. ‘ಶೇಕಡಾ ವಿಧಾನ’ ಎಂದೇ ಕೇಳಿದ್ದರೆ ಮೊದಲ ಬೆಲೆ, ಮೊದಲ ಪ್ರಮಾಣ ಛೇದಕ್ಕೆ. ಸಮೀಕರಣ ಕೊಟ್ಟು ಒಂದೇ ಬೆಲೆ ಹೇಳಿದ್ದರೆ ಬಿಂದು ವಿಧಾನ. ಪ್ರಮಾಣದ ಬದಲಾವಣೆ ಮೇಲೆ, ಬೆಲೆಯದು ಕೆಳಗೆ, ತಲೆಕೆಳಗಾದರೆ 0.67 ಇದ್ದದ್ದು 1.5 ಆಗಿಬಿಡುತ್ತದೆ, ಇಂಥ ಅಂಕಿಗಳಲ್ಲಿ ಗೊತ್ತೂ ಆಗುವುದಿಲ್ಲ. ಬೆಲೆ ಏರಿದರೆ ಪ್ರಮಾಣ ಇಳಿಯುವುದರಿಂದ ಬರುವ ಋಣ ಚಿಹ್ನೆ ಬಿಡುವುದು ರೂಢಿ, ಬಿಟ್ಟಿದ್ದೇನೆಂದು ಒಂದು ಸಾಲು ಸೇರಿಸಿ.

ಇನ್ನೊಂದು: ಸ್ಥಿತಿಸ್ಥಾಪಕತ್ವ 1 ಇದ್ದರೆ ಬೆಲೆ ಏರಿಸಿ ಲಾಭವಿಲ್ಲ ಎಂದು ಬರೆಯಬೇಡಿ. ಬದಲಾಗದೆ ಉಳಿದದ್ದು ವಸೂಲಿ ಮಾತ್ರ. 80 ಪ್ಲೇಟಿಗೇ 2,400 ಬಂದರೆ 40 ಪ್ಲೇಟಿನ ಮಂಡಕ್ಕಿ, ಕಡಲೆಹಿಟ್ಟು, ಎಣ್ಣೆ ಬಂಡಿಯಲ್ಲೇ ಉಳಿಯಿತಲ್ಲ.